ಗೇಟಿನ ಒಳಗಿನ ಬೋರ್ಡು

(ಯುವಕರ ಸಭೆಯೊಂದರಲ್ಲಿ ಪ್ರಿಂಟಿಂಗ್ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಸಾಹಿತಿಯಲ್ಲ, ವಕೀಲನಲ್ಲ, ಯೂನಿಯನ್ ಲೀಡರೂ ಅಲ್ಲ. ಓದಿದ್ದು ಪಿ.ಯು.ಸಿ. ರಾಜಾಜಿನಗರದ ಕಡೆ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು ನಡೆಸುತ್ತೇನೆ. ಒಂದು ಆಫ್‌ಸೆಟ್ ಮೆಷಿನ್ನು, ಒಂದು ಕಟಿಂಗ್ ಮೆಷಿನ್ನು, ಎರಡು ಕಂಪ್ಯೂಟರು, ಮುಂದೆ ಒಂದು ಜೆರಾಕ್ಸು, ಏಳು ಜನ ಕೆಲಸಗಾರರು. ಅಂದರೆ ಲೆಕ್ಕಕ್ಕೆ ನಾನೂ ಒಬ್ಬ ಮಾಲೀಕ. ನಾನೂ ಒಂದು ಮ್ಯಾನೇಜ್‌ಮೆಂಟು! ಹಾಗಾಗಿ ಈಗ ನಾನು ಹೇಳುವುದು ಒಂದೇ ಕಡೆಯ ಮಾತು ಎಂದು ಯಾರೂ ತಿಳಿಯಬೇಡಿ.

ನನ್ನ ಪ್ರೆಸ್ಸಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಹಗಲು ಹೊತ್ತಿನಲ್ಲಿ ಕಂಪನಿಯವರು. ಗೇಟ್ ಪಾಸು, ಓಟಿ ಸ್ಲಿಪ್ಪು, ರಜಾ ಅರ್ಜಿ, ಕಂಪನಿಯ ನಿಯಮಗಳ ಕಿರುಪುಸ್ತಕ, ಎಚ್ಚರಿಕೆ ಪತ್ರದ ಫಾರಂ, ಎಲ್ಲವನ್ನೂ ಮಾಡಿಸಿಕೊಂಡು ಹೋಗುತ್ತಾರೆ. ಶಿಫ್ಟು ಬಿಟ್ಟ ಮೇಲೆ ಸಂಜೆ ಯೂನಿಯನ್‌ನವರು. ಕರಪತ್ರ, ಚಂದಾ ರಸೀದಿ, ಬೇಡಿಕೆ ಪಟ್ಟಿ. ಒಂದೇ ಕಾರ್ಖಾನೆಯ ಎರಡೂ ಕಡೆಯ ಕಾಗದ ಒಂದೇ ದಿನ ನನ್ನ ಮೆಷಿನ್ನಿನ ಮೇಲೆ ಓಡಿದ್ದುಂಟು. ಈ ಎರಡು ಕಾಗದಕ್ಕೆ ನಾನು ಕಂಡ ದೊಡ್ಡ ವ್ಯತ್ಯಾಸ ಹೇಳಲೇ? ಯೂನಿಯನ್ ಕಾಗದ ಕನ್ನಡದಲ್ಲಿರುತ್ತದೆ. ಕಂಪನಿ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಓದಬೇಕಾದವನು ಮಾತ್ರ ಒಬ್ಬನೇ!

ಇವತ್ತು ನಾನು ಮಾತಾಡಲು ನಿಂತಿರುವುದು ಇದರ ಬಗ್ಗೆಯೇ.

ಹೊರಗೆ ಕನ್ನಡ, ಒಳಗೆ?

ನಾಮಫಲಕದಲ್ಲಿ ಕನ್ನಡ ಇರಬೇಕು ಎಂದು ನಾವೆಲ್ಲ ಬೀದಿಗಿಳಿದೆವು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಲೇಬೇಕು ಎಂದಾಯಿತು. ಒಳ್ಳೆಯದೇ ಆಯಿತು. ಆದರೆ ಆ ಬೋರ್ಡು ಯಾರಿಗೆ? ರಸ್ತೆಯಲ್ಲಿ ಹೋಗುವವನಿಗೆ. ಅದೇ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗಿ ನೋಡಿ. ಟೈಮ್ ಆಫೀಸಿನ ಪಕ್ಕ ಇನ್ನೊಂದು ಬೋರ್ಡಿದೆ. ಗಾಜಿನ ಬಾಗಿಲು, ಒಳಗೆ ಹಸಿರು ಬಟ್ಟೆ, ನಾಲ್ಕು ಮೂಲೆಗೆ ಪಿನ್ನು. ಎಷ್ಟು ಗಂಟೆ ಕೆಲಸ, ಯಾವತ್ತು ಸಂಬಳ, ಓಟಿ ಲೆಕ್ಕ ಹೇಗೆ, ಏನು ಮಾಡಿದರೆ ಸಸ್ಪೆಂಡು, ಎಲ್ಲವೂ ಅಲ್ಲೇ ಇದೆ. ನಿಮ್ಮ ಅನ್ನದ ವಿಷಯ ಇರುವುದು ಆ ಬೋರ್ಡಿನಲ್ಲಿ. ಅದು ಯಾವ ಭಾಷೆಯಲ್ಲಿದೆ? ಎಷ್ಟು ಜನ ನೋಡಿದ್ದೀರಿ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇದೆಯಲ್ಲ, ಹಾಗಾಗಬಾರದು ನಮ್ಮ ಕನ್ನಡದ ಕಥೆ.

ಈ ಬೇಡಿಕೆ ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯ 9ನೇ ಕಲಂ ಇದನ್ನೇ ಹೇಳುತ್ತಿತ್ತು. ಕಂಪನಿಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿಯೂ, ಅವರು ಒಳಗೆ ಬರುವ ಬಾಗಿಲ ಹತ್ತಿರ ಮತ್ತು ಎಲ್ಲ ವಿಭಾಗಗಳಲ್ಲಿ ಹಾಕಬೇಕು ಎಂದು. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಕೂಡ ನೋಟಿಸುಗಳ ಬಗ್ಗೆ ಅದನ್ನೇ ಹೇಳುತ್ತಿತ್ತು. ಗಮನಿಸಿ, ಒಂದು ಕಾಯ್ದೆ ಸ್ವಾತಂತ್ರ್ಯ ಬರುವುದಕ್ಕೂ ಮುಂಚಿನದು! ಇಂಗ್ಲಿಷರ ಕಾಲದಲ್ಲೇ ಬರೆದಿದ್ದ ಮಾತನ್ನು ನಮ್ಮವರ ಕಾಲದಲ್ಲಿ ಎಷ್ಟೋ ಕಡೆ ಪಾಲಿಸಲಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಒಂದು ಹಾಳೆ ಏರುತ್ತದೆ, ಅವರ ಜೀಪು ಹೋದ ಮೇಲೆ ಅದರ ಮೇಲೆ ಇನ್ನೊಂದು ಹಾಳೆ ಕೂರುತ್ತದೆ.

48 ಗಂಟೆಯ ಕಾಗದ

ಒಂದು ಉದಾಹರಣೆ ಕೊಡುತ್ತೇನೆ. ಹುಡುಗನ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ. ಮಾಗಡಿ ಕಡೆಯ ಹುಡುಗ. ಐ.ಟಿ.ಐ. ಫಿಟ್ಟರ್ ಮಾಡಿಕೊಂಡು ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದ. ಒಂದು ಸಂಜೆ ಬಂದು, "ಅಣ್ಣಾ, ಇದೊಂದು ಜೆರಾಕ್ಸ್ ಮಾಡ್ಕೊಡಿ" ಎಂದ. ಮೆಷಿನ್ನಿಗೆ ಹಾಕುವಾಗ ಅಭ್ಯಾಸಬಲದಿಂದ ಕಣ್ಣಾಡಿಸಿದೆ. ಇಂಗ್ಲಿಷಿನಲ್ಲಿ ಒಂದೂವರೆ ಪುಟ.

"ಏನಪ್ಪಾ ಇದು?" ಎಂದೆ.

"ಟ್ರಾನ್ಸ್‌ಫರ್ ಆರ್ಡರ್ ಅಣ್ಣ. ಬೇರೆ ಲೈನಿಗೆ ಹಾಕ್ತೀವಿ ಅಂದಿದ್ರು."

ಅದು ಟ್ರಾನ್ಸ್‌ಫರ್ ಆರ್ಡರ್ ಅಲ್ಲ. ಕಾರಣ ಕೇಳಿ ಕೊಟ್ಟ ನೋಟಿಸು. ಸೂಪರ್‌ವೈಸರ್ ಮಾತಿಗೆ ಎದುರಾಡಿದೆ, ಕೆಲಸ ನಿಧಾನ ಮಾಡಿದೆ, 48 ಗಂಟೆಯೊಳಗೆ ಉತ್ತರ ಕೊಡದಿದ್ದರೆ ಆರೋಪ ಒಪ್ಪಿದ್ದೀಯೆಂದು ತಿಳಿಯುತ್ತೇವೆ ಎಂದು ಬರೆದಿತ್ತು. ಅವನು ಅದನ್ನು ತೆಗೆದುಕೊಂಡು ಆಗಲೇ ನಾಲ್ಕು ದಿನ ಕಳೆದಿತ್ತು. 'ಓದಿ ತಿಳಿದುಕೊಂಡಿದ್ದೇನೆ' ಎಂಬ ಇಂಗ್ಲಿಷ್ ಸಾಲಿನ ಕೆಳಗೆ ದುಂಡಗೆ ಕನ್ನಡದಲ್ಲಿ ಸಹಿ ಹಾಕಿ ಕೊಟ್ಟಿದ್ದ! ಅವತ್ತೇ ಕೂತು ಕನ್ನಡದಲ್ಲಿ ಉತ್ತರ ಬರೆಸಿದೆವು. ತಡವಾಯಿತು ಎಂದು ಕಂಪನಿ ಅದನ್ನು ಪಕ್ಕಕ್ಕೆ ಸರಿಸಿತು. ವಿಚಾರಣೆ ನಡೆಯಿತು. ಅದೂ ಇಂಗ್ಲಿಷಿನಲ್ಲಿ. ಕೊನೆಗೆ ಕೆಲಸ ಹೋಯಿತು. ಈಗ ಬೈಕಿನಲ್ಲಿ ಊಟದ ಪಾರ್ಸೆಲ್ ಹಂಚುತ್ತಾನೆ.

ಅವನು ಸೂಪರ್‌ವೈಸರಿಗೆ ಎದುರಾಡಿದನೋ ಇಲ್ಲವೋ ನಾನು ಕಂಡವನಲ್ಲ. ತಪ್ಪು ಮಾಡಿದ್ದರೆ ಶಿಕ್ಷೆಯಾಗಲಿ. ಆದರೆ ತನ್ನ ಮೇಲೆ ಏನು ಆರೋಪ ಇದೆ ಎಂದು ತಿಳಿಯುವ ಮೊದಲೇ ಶಿಕ್ಷೆಯಾಗುವುದು ಯಾವ ನ್ಯಾಯ, ನೀವೇ ಹೇಳಿ. ಫಿಟ್ಟರ್ ಕೆಲಸಕ್ಕೆ ಅವನಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಮೈಕ್ರೋಮೀಟರ್ ಹಿಡಿದು ಕೂದಲೆಳೆಯಷ್ಟು ವ್ಯತ್ಯಾಸ ಹೇಳುತ್ತಿದ್ದ. ಕೆಲಸ ಉಳಿಸಿಕೊಳ್ಳುವುದಕ್ಕೆ ಮಾತ್ರ ಇಂಗ್ಲಿಷ್ ಬೇಕಾಯಿತು.

ಮೇಜು, ರಸ್ತೆ, ಕಲ್ಲು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಬೆಂಗಳೂರಿನಲ್ಲಿ ಕಾರ್ಮಿಕ ಮತ್ತು ಮಾಲೀಕನ ಸಂಬಂಧ ಹೇಗಿತ್ತು, ಎಲ್ಲಿಗೆ ಬಂತು ಎಂದು ಮೂರು ಘಟನೆಗಳಲ್ಲಿ ಹೇಳುತ್ತೇನೆ.

ಮೊದಲನೆಯದು, 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಈ ಐದೂ ಕಡೆಯ ಕೆಲಸಗಾರರು, ಲಕ್ಷಕ್ಕೂ ಹೆಚ್ಚು ಜನ, 77 ದಿನ ಕೆಲಸ ನಿಲ್ಲಿಸಿದರು. ಬಿ.ಎಚ್.ಇ.ಎಲ್.ನವರಿಗೆ ಸಿಗುವಷ್ಟು ಸಂಬಳ ನಮಗೂ ಬೇಕು ಎಂಬುದು ಬೇಡಿಕೆ. ನನಗೆ ಆಗ ಎರಡು ವರ್ಷ. ಹಿರಿಯರು ಹೇಳುತ್ತಾರೆ, ಮನೆಮನೆಯಲ್ಲಿ ಒಡವೆ ಅಡವಿಗೆ ಹೋಯಿತು, ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕ ತುಂಬಿತು ಎಂದು. ಕೇಳಿದಷ್ಟು ಸಿಗದೆಯೇ ವಾಪಸ್ಸು ಕೆಲಸಕ್ಕೆ ಹೋದರು. ಸೋಲು ಎಂದೇ ಅನೇಕರು ಹೇಳುತ್ತಾರೆ. ಆದರೆ ಒಂದು ಮಾತು. ಅಲ್ಲಿ ಯೂನಿಯನ್ ಇತ್ತು, ಬೇಡಿಕೆ ಪಟ್ಟಿ ಇತ್ತು, ಹಳೆಯ ಒಪ್ಪಂದ ಇತ್ತು, ಎದುರುಬದುರು ಕೂರುವ ಮೇಜು ಇತ್ತು. ಜಗಳಕ್ಕೂ ಒಂದು ಜಾಗ ಇತ್ತು. ಅದೇ ಕಾರ್ಖಾನೆಗಳಲ್ಲಿ ಕನ್ನಡ ಸಂಘಗಳಿದ್ದವು, ನವೆಂಬರ್ ಬಂದರೆ ರಾಜ್ಯೋತ್ಸವ ನಡೆಯುತ್ತಿತ್ತು ಎಂಬುದನ್ನೂ ಮರೆಯಬೇಡಿ.

ಎರಡನೆಯದು, 2016ರ ಏಪ್ರಿಲ್ 18 ಮತ್ತು 19. ಇದು ನಿಮಗೂ ನೆನಪಿರಬಹುದು. ಬೊಮ್ಮನಹಳ್ಳಿ, ಹೊಸೂರು ರಸ್ತೆ, ತುಮಕೂರು ರಸ್ತೆ, ಎಲ್ಲಿ ನೋಡಿದರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಯಾವ ಲೀಡರೂ ಮುಂದೆ ಇರಲಿಲ್ಲ. ಕಾರಣ ಪಿ.ಎಫ್. ಅದೇ ವರ್ಷ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು. ದೆಹಲಿಯಲ್ಲಿ ಕೂತವನಿಗೆ ಅದು ಮುಪ್ಪಿನ ಉಳಿತಾಯ. ನಮ್ಮ ತಂಗಿಯರಿಗೆ ಅದು ಮಗಳ ಸ್ಕೂಲ್ ಫೀಸು, ಮನೆ ಅಡ್ವಾನ್ಸು, ಬಡ್ಡಿ ಸಾಲ ತೀರಿಸುವ ದಾರಿ. ಎರಡು ತಿಂಗಳಲ್ಲಿ ಅವರನ್ನು ಕೂರಿಸಿ ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿದವರು ಎಷ್ಟು ಜನ? ಬಾಯಿಂದ ಬಾಯಿಗೆ ಸುದ್ದಿ ಹರಡಿತು, ಭಯ ಹರಡಿತು, ರಸ್ತೆ ತುಂಬಿತು. ಬಸ್ಸುಗಳು ಸುಟ್ಟವು, ಅಶ್ರುವಾಯು ಹಾರಿತು, ಲಾಠಿ ಬಿತ್ತು. 19ರ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ಸು ಪಡೆಯಿತು. ಗೆದ್ದವರು ಹೊಲಿಗೆ ಮೆಷಿನ್ನಿನ ಹೆಣ್ಣುಮಕ್ಕಳು! ಅವರಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ಮೇಜಿನ ಮೇಲೆ ಆಗಬೇಕಾದ ಮಾತು ರಸ್ತೆಯ ಮೇಲೆ ಆಯಿತು. ಅದಕ್ಕೆ ಬೆಲೆ ತೆತ್ತವರೂ ಅವರೇ. ಕೇಸು ಬಿದ್ದದ್ದು ಕೆಲಸಗಾರರ ಮೇಲೆಯೇ.

ಮೂರನೆಯದು, 2020ರ ಡಿಸೆಂಬರ್ 12. ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ. ಬೆಳಗಿನ ಹೊತ್ತು ಶಿಫ್ಟು ಬದಲಾಗುವ ವೇಳೆಗೆ ಗಾಜು ಒಡೆಯಿತು, ಗಾಡಿ ಉರುಳಿತು. ನೂರಕ್ಕೂ ಹೆಚ್ಚು ಹುಡುಗರು ಜೈಲು ಸೇರಿದರು. ಕಲ್ಲು ಹೊಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಸರ್ಕಾರದ ಇಲಾಖೆ ತಪಾಸಣೆ ಮಾಡಿದಾಗ ಕಂಡದ್ದೇನು? ಸ್ವಲ್ಪ ಕಾಲದಲ್ಲೇ 5,000 ಇದ್ದ ಕೆಲಸಗಾರರು 10,500 ಆಗಿದ್ದರು. ಅಷ್ಟು ಜನರನ್ನು ನೋಡಿಕೊಳ್ಳಲು ಕಾನೂನು ಗೊತ್ತಿರುವ ಎಚ್.ಆರ್. ವ್ಯವಸ್ಥೆ ಸರಿಯಾಗಿ ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಿ ಯಂತ್ರ ಲೆಕ್ಕ ತಪ್ಪುತ್ತಿತ್ತು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ದುಡಿದದ್ದಕ್ಕೂ ಬ್ಯಾಂಕಿಗೆ ಬಿದ್ದದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಒಂದು ವಾರದೊಳಗೆ, ಡಿಸೆಂಬರ್ 19ರಂದು, ಕಂಪನಿಯೇ ಕೆಲಸಗಾರರ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ಸಹ ಆಗ ಹೊಸ ಆರ್ಡರ್ ಕೊಡುವುದಿಲ್ಲ ಎಂದು ಕೂತಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು.

ಇದಕ್ಕೆಲ್ಲ ಭಾಷೆಯೊಂದೇ ಕಾರಣ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸಂಬಳದ ಲೆಕ್ಕ ತಪ್ಪಿದ್ದು ಕಾರಣ, ಗುತ್ತಿಗೆ ಪದ್ಧತಿ ಕಾರಣ. ಆದರೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಮೇಜಿತ್ತು. ಆಮೇಲೆ ರಸ್ತೆ ಬಂತು. ಆಮೇಲೆ ಕಲ್ಲು ಬಂತು. ಕೇಳುವ ಜಾಗ ಮುಚ್ಚಿದಷ್ಟೂ ಕೂಗು ದೊಡ್ಡದಾಗುತ್ತದೆ. ಕೇಳುವ ಜಾಗ ಇದ್ದರೂ ಅಲ್ಲಿನ ಭಾಷೆ ನನಗೆ ಬರುವುದಿಲ್ಲ ಎಂದರೆ, ನನ್ನ ಪಾಲಿಗೆ ಅದು ಮುಚ್ಚಿದ ಜಾಗವೇ.

ಹೊಸ ಕಾನೂನು ಬಂದಿದೆ, ಓದಿದ್ದೀರಾ?

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾನೂನುಗಳ ಜಾಗದಲ್ಲಿ ಈ ನಾಲ್ಕು. ನಾನು ಮೊದಲು ಹೇಳಿದ 1946ರ ಕಾಯ್ದೆ, 1948ರ ಕಾಯ್ದೆ ಎರಡೂ ಇದರೊಳಗೆ ಸೇರಿ ಹೋದವು. ಇದರಲ್ಲಿ ಸಿಹಿಯೂ ಇದೆ, ಕಹಿಯೂ ಇದೆ.

ಸಿಹಿ ಮೊದಲು. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಲೇಬೇಕು. ಸಂಬಳದ ಚೀಟಿ ಕೊಡಬೇಕು. ಓಟಿಗೆ ಎರಡು ಪಟ್ಟು ದರ ಕೊಡಬೇಕು. ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರು ಎಷ್ಟೋ ಕೆಲಸಗಾರರ ಕಡೆಯವರೂ ಅಷ್ಟೇ. ಒಟ್ಟು ಹತ್ತು ಜನ ಮೀರಬಾರದು. ಹೆಣ್ಣುಮಕ್ಕಳ ಸಂಖ್ಯೆಗೆ ತಕ್ಕಂತೆ ಅವರಿಗೂ ಜಾಗ ಇರಬೇಕು. ದೂರು ಕೊಟ್ಟ 30 ದಿನದೊಳಗೆ ತೀರ್ಮಾನ ಆಗಬೇಕು. ಸಸ್ಪೆಂಡು ಮಾಡಿದರೆ, ವಿಚಾರಣೆ ನಡೆಯುವಾಗ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಬರಬೇಕು. ತಡವಾದದ್ದು ನಿಮ್ಮಿಂದಲ್ಲ ಎಂದಾದರೆ ಆಮೇಲೆ ಅದು ಮುಕ್ಕಾಲು ಆಗಬೇಕು.

ಈಗ ಕಹಿ. ಮುಷ್ಕರ ಮಾಡಬೇಕಾದರೆ ಎಲ್ಲ ಕಾರ್ಖಾನೆಗಳಲ್ಲೂ 14 ದಿನ ಮುಂಚೆ ನೋಟಿಸು ಕೊಡಬೇಕು. ಅರ್ಧಕ್ಕರ್ಧ ಜನ ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ಲೀವ್ ಹಾಕಿದರೂ ಅದು ಮುಷ್ಕರವೇ! ಸ್ಥಾಯಿ ಆದೇಶದ ಅಧ್ಯಾಯ 300 ಅಥವಾ ಹೆಚ್ಚು ಜನರಿರುವ ಕಡೆಗೆ ಮಾತ್ರ. 1946ರ ಕಾಯ್ದೆಯಲ್ಲಿ ಈ ಮಿತಿ 100 ಇತ್ತು. ಪೀಣ್ಯದಲ್ಲಿ 300 ಜನ ಇರುವ ಶೆಡ್ಡು ಎಷ್ಟಿವೆ? ಹುಡುಕಿ ನೋಡಿ.

ಇನ್ನೊಂದು ಸೂಕ್ಷ್ಮ ಇದೆ, ಕಿವಿಗೊಟ್ಟು ಕೇಳಿ. ಹಳೆಯ ಕಾಯ್ದೆಯಲ್ಲಿ 'ಕೆಲಸಗಾರರಿಗೆ ಅರ್ಥವಾಗುವ ಭಾಷೆ' ಎಂಬ ಮಾತು ಕಾಯ್ದೆಯೊಳಗೇ ಇತ್ತು. ಹೊಸ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳನ್ನು ಯಾವ ಭಾಷೆಯಲ್ಲಿ ಇಡಬೇಕು ಎಂಬುದನ್ನು ಸರ್ಕಾರ ಮಾಡುವ ನಿಯಮಗಳಿಗೆ ಬಿಟ್ಟಿದ್ದಾರೆ. ನಿಯಮ ಎಂದರೆ ಅಧಿಕಾರಿಯ ಪೆನ್ನು. ಇಂದು ಬರೆದದ್ದನ್ನು ನಾಳೆ ತಿದ್ದಬಹುದು. ಹಾಗಾಗಿ ಆ ಪೆನ್ನಿನ ಮೇಲೆ ನಮ್ಮ ಕಣ್ಣು ಇರಬೇಕು. ಕರ್ನಾಟಕದಲ್ಲಿ ನೇಮಕಾತಿ ಪತ್ರ, ಸಂಬಳ ಚೀಟಿ, ಕಂಪನಿ ನಿಯಮ, ಶಿಸ್ತಿನ ನೋಟಿಸು, ಈ ನಾಲ್ಕೂ ಕನ್ನಡದಲ್ಲಿ ಇರಲೇಬೇಕು ಎಂದು ಸ್ಪಷ್ಟವಾಗಿ ಅಕ್ಷರದಲ್ಲಿ ಬರುವವರೆಗೆ ಮತ್ತು ಬಂದ ಮೇಲೂ ನಾವು ಬಿಡಬಾರದು. ನಾಮಫಲಕಕ್ಕೆ ತೋರಿಸಿದ ಹಠದ ಕಾಲು ಭಾಗ ಇದಕ್ಕೆ ತೋರಿಸಿದರೂ ಸಾಕು!

ಕೆಲಸ ಸಿಕ್ಕ ಮೇಲೆ ಮುಂದೇನು?

ಕನ್ನಡಿಗರಿಗೆ ಕೆಲಸ ಎಂಬ ಕೂಗು ಹಳೆಯದು. ಸರೋಜಿನಿ ಮಹಿಷಿ ಅವರ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇಕಡಾ 50, ಉಳಿದದ್ದರಲ್ಲಿ ಶೇಕಡಾ 70. ದೊಡ್ಡ ದೊಡ್ಡ ಉದ್ಯಮಿಗಳು ಹುಬ್ಬೇರಿಸಿದರು. ಎರಡೇ ದಿನಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಆ ಹೋರಾಟ ನಡೆಯಲಿ. ನಾನೂ ಜೊತೆಗಿದ್ದೇನೆ.

ಆದರೆ ತಮ್ಮಂದಿರೇ, ಗೇಟಿನೊಳಗೆ ಕಾಲಿಡುವುದು ಅರ್ಧ ಕೆಲಸ. ಒಳಗೆ ಮರ್ಯಾದೆಯಿಂದ ನಿಲ್ಲುವುದು ಇನ್ನರ್ಧ. ನೂರು ಜನ ಕನ್ನಡಿಗರನ್ನು ಗುತ್ತಿಗೆಗೆ ತೆಗೆದುಕೊಂಡು, ಹನ್ನೊಂದು ತಿಂಗಳಿಗೆ ಓದಲಾಗದ ಕಾಗದಕ್ಕೆ ಸಹಿ ಹಾಕಿಸಿ ಹೊರಗೆ ಕಳಿಸಿದರೆ, ಮೀಸಲಾತಿ ಲೆಕ್ಕಕ್ಕೆ ಸರಿಹೋಗುತ್ತದೆ, ಬದುಕಿಗೆ ಸರಿಹೋಗುವುದಿಲ್ಲ.

ಇನ್ನೊಂದು ಮಾತು ಖಾರವಾಗಿಯೇ ಹೇಳುತ್ತೇನೆ. ಮಾಲೀಕ ಕನ್ನಡಿಗನಾದ ಮಾತ್ರಕ್ಕೆ ಸಂಬಳ ತಾನಾಗಿ ಬರುವುದಿಲ್ಲ. ನವೆಂಬರ್‌ನಲ್ಲಿ ಬಾವುಟ ಹಾರಿಸಿ, ಪಿ.ಎಫ್. ಹಣ ಕಟ್ಟದೆ ನುಂಗುವವನೂ ಕನ್ನಡಿಗನೇ ಇರಬಹುದು. ಅವನನ್ನೂ ಕೇಳಬೇಕು. ಹಾಗೆಯೇ ಶಾಲು ಹೊದ್ದುಕೊಂಡು ಕಾರ್ಖಾನೆ ಗೇಟಿನ ಮುಂದೆ ಜೈಕಾರ ಕೂಗಿ, ಆಮೇಲೆ ಮ್ಯಾನೇಜರ ಕ್ಯಾಬಿನ್ನಿನಲ್ಲಿ ಕಾಫಿ ಕುಡಿದು ಕವರು ತೆಗೆದುಕೊಂಡು ಬರುವವರಿದ್ದರೆ, ಅವರು ಕೆಲಸಗಾರನಿಗೂ ದ್ರೋಹಿಗಳು, ಕನ್ನಡಕ್ಕೂ ದ್ರೋಹಿಗಳು. ನೀವು ಆ ದಾರಿ ತುಳಿಯಬೇಡಿ.

ಹೊರ ರಾಜ್ಯದಿಂದ ಬಂದ ಕೆಲಸಗಾರನ ಮೇಲೆ ಕೈ ಮಾಡಬೇಡಿ. ನಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಒಡಿಶಾದ ಹುಡುಗನೊಬ್ಬ ಇದ್ದಾನೆ. ಆ ಇಂಗ್ಲಿಷ್ ಕಾಗದ ಅವನಿಗೂ ಓದಲು ಬರುವುದಿಲ್ಲ. ನಿಮ್ಮನ್ನು ಕತ್ತಲಲ್ಲಿ ಇಟ್ಟ ಕಾಗದವೇ ಅವನನ್ನೂ ಕತ್ತಲಲ್ಲಿ ಇಟ್ಟಿದೆ. ಅವನಿಗೆ ನಾಲ್ಕು ಕನ್ನಡ ಮಾತು ಕಲಿಸಿ. ನಮ್ಮ ಮೆಷಿನ್‌ಮ್ಯಾನ್ ಕಲಿಸಿದರು. ಆರು ತಿಂಗಳಲ್ಲಿ ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಕನ್ನಡದಲ್ಲಿ ಬರೆಯುತ್ತಿದ್ದಾನೆ.

ಮಾಲೀಕರಿಗೂ ಎರಡು ಮಾತು

ಈ ಪತ್ರಿಕೆ ಮಾಲೀಕರ ಕೈಗೂ ಸಿಗುತ್ತದೆ ಎಂದು ನನಗೆ ಗೊತ್ತು. ಅವರಿಗೆ ಒಬ್ಬ ಮಾಲೀಕನಾಗಿ ಹೇಳುತ್ತೇನೆ. ನಿಮ್ಮ ಕಷ್ಟ ನನಗೆ ಗೊತ್ತು. ಡೆಲಿವರಿ ತಾರೀಖು ತಲೆಯ ಮೇಲೆ ಇರುತ್ತದೆ, ಬ್ಯಾಂಕಿನ ಕಂತು ಇರುತ್ತದೆ, ಕೊಟ್ಟ ಮಾಲಿಗೆ ದುಡ್ಡು ಮೂರು ತಿಂಗಳಾದರೂ ಬರುವುದಿಲ್ಲ. ಒಬ್ಬ ಕೆಲಸಗಾರ ಹೇಳದೆ ರಜ ಹಾಕಿದರೆ ಮೆಷಿನ್ನು ನಿಲ್ಲುತ್ತದೆ. ಎಲ್ಲ ಸರಿ. ಆದರೆ ನಿಮ್ಮ ನಿಯಮ ಅವನು ಪಾಲಿಸಬೇಕಾದರೆ ಮೊದಲು ಅದು ಅವನಿಗೆ ತಿಳಿಯಬೇಕಲ್ಲವೇ?

ಒಂದು ಕಂಪನಿಯ ಆಫೀಸರು ನಿಯಮದ ಕಿರುಪುಸ್ತಕ ಐನೂರು ಪ್ರತಿ ಇಂಗ್ಲಿಷಿನಲ್ಲಿ ಮಾಡಿಸಲು ಬಂದಾಗ, "ಸಾರ್, ಕನ್ನಡದಲ್ಲಿ ಬೇಡವೇ?" ಎಂದು ಕೇಳಿದೆ. "ಯಾರ್ರೀ ಓದ್ತಾರೆ?" ಎಂದರು. ಅವರೂ ನಮ್ಮ ಮಂಡ್ಯದವರೇ! ಇನ್ನೊಬ್ಬರು ಬಂದರು, ಸಣ್ಣ ಕಾರ್ಖಾನೆ. ಒಂದು ಪುಟ ಇಂಗ್ಲಿಷು, ಎದುರು ಪುಟ ಕನ್ನಡ, ಹಾಗೆ ಮಾಡಿಸಿದರು. ಮುಂದಿನ ವರ್ಷ ಮತ್ತೆ ಬಂದಾಗ ಅವರೇ ಹೇಳಿದರು: "ಈಗ ಹುಡುಗರು ಪುಸ್ತಕ ಹಿಡಿದುಕೊಂಡು ನನ್ನ ಟೇಬಲ್ ಹತ್ರ ಬರ್ತಾರೆ ಕಣ್ರೀ. ಮೊದಲು ಗೇಟ್ ಹತ್ರ ನಿಂತು ಗೊಣಗ್ತಿದ್ರು." ನೋಡಿ, ಇದು ಲಾಭವಲ್ಲವೇ? ನೋಟಿಸ್ ಬೋರ್ಡಿಗೆ ಒಂದು ಕನ್ನಡ ಹಾಳೆ ಮುದ್ರಿಸಲು ಆಗುವ ಖರ್ಚು ಎರಡು ಕಪ್ ಟೀ ಖರ್ಚು. ಒಂದು ದಿನ ಲೈನು ನಿಂತರೆ ಆಗುವ ನಷ್ಟ ಎಷ್ಟು, ನಿಮಗೇ ಗೊತ್ತು.

ನಮ್ಮ ಪ್ರೆಸ್ಸಿನಲ್ಲಿ ಏಳೇ ಜನ. ಸಮಿತಿ ಗಿಮಿತಿ ಕಾನೂನಿನ ಪ್ರಕಾರ ನನಗೆ ಬೇಡ. ಆದರೂ ಹಾಜರಿ, ಅಡ್ವಾನ್ಸು, ಓಟಿ, ಮೂರೂ ಲೆಕ್ಕ ಕನ್ನಡದಲ್ಲಿವೆ. ತಿಂಗಳ ಕೊನೆಗೆ ಅವರೇ ಕೂಡಿ ನೋಡುತ್ತಾರೆ. ಜಗಳ ಆಗುವುದಿಲ್ಲವೇ? ಆಗುತ್ತದೆ! ಆದರೆ ಪುಸ್ತಕ ಮಧ್ಯೆ ಇಟ್ಟುಕೊಂಡು ಆಗುತ್ತದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ನಾಳೆಯಿಂದ ನೀವು ಮಾಡಬೇಕಾದದ್ದು

ಬರೀ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋದರೆ ಪ್ರಯೋಜನವಿಲ್ಲ. ಐದು ಕೆಲಸ ಹೇಳುತ್ತೇನೆ.

ಒಂದು. ಓದದೆ ಸಹಿ ಹಾಕಬೇಡಿ. ಅರ್ಥವಾಗದ ಕಾಗದ ಕೊಟ್ಟರೆ, ತೆಗೆದುಕೊಂಡದ್ದಕ್ಕೆ ಮಾತ್ರ ಸಹಿ ಹಾಕಿ. ಪಕ್ಕದಲ್ಲಿ ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆಯಿರಿ: 'ಪತ್ರ ತಲುಪಿದೆ, ಇಂಗ್ಲಿಷಿನಲ್ಲಿರುವುದರಿಂದ ಅರ್ಥವಾಗಿಲ್ಲ, ಕನ್ನಡದಲ್ಲಿ ಕೊಡಿ.' ತಾರೀಖು ಹಾಕಿ. ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲರ ಜೇಬಿನಲ್ಲೂ ಫೋನಿದೆ, ಸಿನಿಮಾ ನೋಡುವುದಕ್ಕೆ ಮಾತ್ರ ಅದು ಬೇಡ. ಅದೇ ರಾತ್ರಿ ಬಲ್ಲವರ ಹತ್ತಿರ ಓದಿಸಿ. 48 ಗಂಟೆ ಎಂದರೆ ಎರಡೇ ದಿನ.

ಎರಡು. ನಾಲ್ಕು ಕಾಗದಗಳನ್ನು ಒಂದು ಫೈಲಿನಲ್ಲಿ ಇಡಿ. ನೇಮಕಾತಿ ಪತ್ರ, ಪ್ರತಿ ತಿಂಗಳ ಸಂಬಳ ಚೀಟಿ, ಪಿ.ಎಫ್. ಯು.ಎ.ಎನ್. ನಂಬರು, ಇ.ಎಸ್.ಐ. ಕಾರ್ಡು. ಚೀಟಿಯಲ್ಲಿ ಪಿ.ಎಫ್.ಗೆ ನಿಮ್ಮಿಂದ ಶೇಕಡಾ 12 ಹಿಡಿದಿದ್ದರೆ, ಅದು ನಿಮ್ಮ ಖಾತೆಗೆ ಹೋಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ಮಾಲೀಕರ ಪಾಲೂ ಬಂದಿದೆಯೇ ನೋಡಿ. ಆರು ತಿಂಗಳಿಗೊಮ್ಮೆಯಾದರೂ ನೋಡಿ.

ಮೂರು. ನಿಮ್ಮಲ್ಲಿ 20 ಜನರಿಗೆ ಮೇಲಿದ್ದರೆ ಕುಂದುಕೊರತೆ ಸಮಿತಿ ಎಲ್ಲಿದೆ ಎಂದು ಕೇಳಿ. 100 ಜನರಿಗೆ ಮೇಲಿದ್ದರೆ ಎರಡೂ ಕಡೆಯವರು ಕೂರುವ ವರ್ಕ್ಸ್ ಕಮಿಟಿಯ ಬಗ್ಗೆಯೂ ಕೇಳಿ. ಸಭೆಯ ನಡಾವಳಿ ಕನ್ನಡದಲ್ಲಿ ಬರೆಯಬೇಕು ಎಂದು ಮೊದಲ ಸಭೆಯಲ್ಲೇ ಗೊತ್ತುಮಾಡಿಕೊಳ್ಳಿ.

ನಾಲ್ಕು. ಯೂನಿಯನ್ ಎಂದರೆ ಹೆದರಬೇಡಿ, ಮೂಗೂ ಮುರಿಯಬೇಡಿ. ಒಬ್ಬನೇ ಕೇಳಿದರೆ ಅದು ಗೊಣಗಾಟ, ಐವತ್ತು ಜನ ಕೇಳಿದರೆ ಅದು ಬೇಡಿಕೆ. ಯೂನಿಯನ್‌ನಲ್ಲೂ ಲೆಕ್ಕ ಕೇಳಿ, ಚಂದಾಕ್ಕೆ ರಸೀದಿ ಕೇಳಿ.

ಐದು. ಕಂಪನಿ ಕೇಳದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. 1963ರ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಅಲ್ಲಿ ಯಾರೂ ಇಂಗ್ಲಿಷ್ ಕೇಳುವಂತಿಲ್ಲ. ಮೂರು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

ನಿಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಐ.ಟಿ. ಕಂಪನಿಯಲ್ಲಿ ಇರುವವರು ಇಲ್ಲಿ ಬಹಳ ಜನ ಇದ್ದೀರಿ. ನಿಮಗೂ ಒಂದು ಕೆಲಸ. ವಾರಕ್ಕೆ ಒಂದು ಗಂಟೆ ನಿಮ್ಮ ಬಡಾವಣೆಯಲ್ಲಿ ಕೂತು, ಗಾರ್ಮೆಂಟ್ಸ್ ತಂಗಿಯರ, ಪೀಣ್ಯದ ತಮ್ಮಂದಿರ ಕಾಗದ ಓದಿ ಹೇಳಿ. ಉತ್ತರ ಬರೆದುಕೊಡಿ. ಬಾವುಟ ಹಿಡಿಯುವ ಕೈ ಈ ಪೆನ್ನನ್ನೂ ಹಿಡಿಯಲಿ. ಟೈಪು ಮಾಡಿ ಪ್ರಿಂಟು ತೆಗೆಯುವ ಕೆಲಸ ನನ್ನದು, ಅದಕ್ಕೆ ಕಾಸು ಬೇಡ.

ಊರಿನ ಬೋರ್ಡುಗಳು ಕನ್ನಡವಾದವು. ಇನ್ನು ಗೇಟಿನ ಒಳಗಿನ ಆ ಗಾಜಿನ ಬೋರ್ಡು ಕನ್ನಡವಾಗಲಿ. ನಾಳೆ ಬೆಳಿಗ್ಗೆ ಶಿಫ್ಟಿಗೆ ಹೋದಾಗ ಅದರ ಮುಂದೆ ಎರಡು ನಿಮಿಷ ನಿಂತು ನೋಡಿ. ಅರ್ಥವಾಗದಿದ್ದರೆ, ಸುಮ್ಮನೆ ಮುಂದೆ ಹೋಗಬೇಡಿ. ಕೇಳಿ!